ಬೀದಿಯಲ್ಲಿ ಹಳಿಗೊಂದು ಪಾಲು

ಕೋಲ್ಕತ್ತ ನಗರದಲ್ಲಿ ಮೊದಲ ಟ್ರಾಮುಗಾಡಿ ಓಡಿದ್ದು 1873ನೆಯ ಇಸವಿಯ ಫೆಬ್ರವರಿ 24ರಂದು. ಸಿಯಾಲ್ದಾ ರೈಲು ನಿಲ್ದಾಣದಿಂದ ಹೂಗ್ಲಿ ನದಿಯ ದಂಡೆಯಲ್ಲಿರುವ ಆರ್ಮೇನಿಯನ್ ಘಾಟಿನವರೆಗೆ, ಸುಮಾರು ನಾಲ್ಕು ಕಿಲೋಮೀಟರು ದೂರ, ಕುದುರೆಗಳು ಅದನ್ನು ಎಳೆದವು. ಸಾಕಷ್ಟು ಜನ ಹತ್ತಲಿಲ್ಲವೆಂದು ಆ ವರ್ಷದ ನವೆಂಬರಿನಲ್ಲಿಯೇ ಅದು ನಿಂತುಹೋಯಿತು. 1880ರಲ್ಲಿ ಹೊಸ ಕಂಪನಿಯೊಂದು ಹುಟ್ಟಿ ಮತ್ತೆ ಹಳಿ ಹಾಸಿತು. ಕುದುರೆಗಳ ಬದಲಿಗೆ ಉಗಿಯಂತ್ರವನ್ನು ಕಟ್ಟಿ ನೋಡಿದ್ದೂ ಆಯಿತು. ಕೊನೆಗೆ 1902ರ ಮಾರ್ಚ್ 27ರಂದು ಎಸ್‌ಪ್ಲನೇಡಿನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮು ಹೊರಟಿತು. ಅದೇ 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; ಮೂರು ವರ್ಷಗಳ ಬಳಿಕ ಬೆಂಗಳೂರಿನ ಬೀದಿದೀಪಗಳೂ ಹೊತ್ತಿಕೊಂಡವು. ಆದರೆ ಇಷ್ಟು ಬೇಗ ವಿದ್ಯುತ್ತನ್ನು ಕಂಡ ಬೆಂಗಳೂರು ಟ್ರಾಮನ್ನು ಮಾತ್ರ ಕಾಣಲಿಲ್ಲ.

ಕೋಲ್ಕತ್ತದ ಜನಜೀವನದಲ್ಲಿ ಟ್ರಾಮು ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಒಂದು ನಿದರ್ಶನವುಂಟು. 1953ರಲ್ಲಿ ಟ್ರಾಮು ಕಂಪನಿಯು ಎರಡನೆಯ ದರ್ಜೆಯ ಪ್ರಯಾಣದರವನ್ನು ಒಂದೇ ಒಂದು ಪೈಸೆಯಷ್ಟು ಏರಿಸಲು ಹೊರಟಾಗ ಇಡೀ ನಗರವೇ ಸಿಡಿದೆದ್ದಿತು. ಹರತಾಳ, ಮೆರವಣಿಗೆ, ಲಾಠಿ ಪ್ರಹಾರ, ಬಂಧನಗಳು ವಾರಗಟ್ಟಲೆ ನಡೆದವು. ಏರಿಕೆಯನ್ನು ಕೈಬಿಡದೆ ಗತ್ಯಂತರವಿಲ್ಲವಾಯಿತು. ಆ ಒಂದು ಪೈಸೆಯ ಹಿಂದೆ ಗುಮಾಸ್ತರಿದ್ದರು, ಗಿರಣಿಯ ಕೂಲಿಗಳಿದ್ದರು, ಕಾಲೇಜಿಗೆ ಹೋಗುವ ಹುಡುಗರಿದ್ದರು. ಮುಂದಿನ ಡಬ್ಬಿಯಲ್ಲಿ ಪಂಕವುಂಟು, ಹಿಂದಿನ ಡಬ್ಬಿಯಲ್ಲಿ ಪಂಕವಿಲ್ಲ; ಆದರೆ ಎರಡೂ ಒಂದೇ ಹಳಿಯ ಮೇಲೆ ಒಂದೇ ಹೊತ್ತಿಗೆ ಊರು ಮುಟ್ಟುತ್ತಿದ್ದವು. ಸರ್ಕಾರವು 1967ರಲ್ಲಿ ಕಂಪನಿಯ ಆಡಳಿತವನ್ನು ಕೈಗೆತ್ತಿಕೊಂಡಿತು; 1976ರಲ್ಲಿ ಅದು ಪೂರ್ಣವಾಗಿ ಸರ್ಕಾರದ ಸ್ವತ್ತಾಯಿತು.

ಇಷ್ಟು ಕಾಲ ಬಾಳಿದ ಆ ವಾಹನ ಕ್ರಮೇಣ ಸೊರಗಿತು. 2011ರ ಹೊತ್ತಿಗೆ ಮೂವತ್ತಕ್ಕೂ ಮಿಕ್ಕಿ ಇದ್ದ ಮಾರ್ಗಗಳು ಹತ್ತೇ ವರ್ಷಗಳಲ್ಲಿ ಎರಡು ಮೂರಕ್ಕೆ ಇಳಿದವು. 2023ರಲ್ಲಿ ಟ್ರಾಮಿಗೆ ನೂರೈವತ್ತು ವರ್ಷ ತುಂಬಿದ ಸಂಭ್ರಮವನ್ನು ಆಚರಿಸಿದ ನಗರ, ಮರುವರ್ಷದ ಸೆಪ್ಟೆಂಬರಿನಲ್ಲಿ ಅದಕ್ಕೆ ಬೀಳ್ಕೊಡುಗೆಯ ಸುದ್ದಿ ಕೇಳಿತು. ಮೈದಾನದ ಹಸಿರಿನ ನಡುವೆ ಒಂದು ಮಾರ್ಗವನ್ನು ಸ್ಮಾರಕವಾಗಿ ಉಳಿಸಿಕೊಂಡು ಮಿಕ್ಕುದನ್ನೆಲ್ಲ ನಿಲ್ಲಿಸುವುದಾಗಿ ರಾಜ್ಯದ ಸಾರಿಗೆ ಸಚಿವರು ಪ್ರಕಟಿಸಿದರು. ನಗರದ ವಿಸ್ತೀರ್ಣದಲ್ಲಿ ರಸ್ತೆಯಿರುವುದು ಶೇಕಡ 6ರಷ್ಟು ಮಾತ್ರ, ನಿಧಾನಗತಿಯ ಟ್ರಾಮಿನಿಂದ ಸಂಚಾರದಟ್ಟಣೆಯುಂಟಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಟ್ರಾಮನ್ನು ಉಳಿಸಿಕೊಳ್ಳಬೇಕೆಂದು ಬಯಸಿದ ನಾಗರಿಕರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು.

ಈ ಕಾರಣ ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ಕಾರುಗಳು, ಬಸ್ಸುಗಳು, ಕೈಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವ ಇಕ್ಕಟ್ಟಾದ ಬೀದಿಯಲ್ಲಿ ಗಂಟೆ ಬಾರಿಸುತ್ತ ತೆವಳುವ ಟ್ರಾಮನ್ನು ಕಂಡವರಿಗೆ ಅದೇ ಅಡ್ಡಿಯೆಂದು ಅನ್ನಿಸುವುದು ಸಹಜ. ಆದರೆ ಟ್ರಾಮು ನಿಧಾನವಾದುದು ಹೇಗೆ? ಕೋಲ್ಕತ್ತದ ಎಷ್ಟೋ ವಿಶಾಲವಾದ ರಸ್ತೆಗಳಲ್ಲಿ ಹಿಂದೆ ಟ್ರಾಮಿಗೆಂದೇ ಬೇರೆ ಪಥವಿತ್ತು. ರಸ್ತೆಯ ನಡುವೆ ಹುಲ್ಲು ಬೆಳೆದ ಪಟ್ಟಿಯ ಮೇಲೆ, ಬೇರೆ ವಾಹನಗಳ ಕಾಟವಿಲ್ಲದೆ, ಅದು ಸರಾಗವಾಗಿ ಓಡುತ್ತಿತ್ತು. ವಾಹನಗಳ ಸಂಖ್ಯೆ ಹೆಚ್ಚಿದಂತೆಲ್ಲ ಆ ಪಟ್ಟಿಗಳಿಗೆ ಕಾಂಕ್ರೀಟು ಸುರಿದು ರಸ್ತೆಯೊಡನೆ ಸೇರಿಸಲಾಯಿತು. ಕಾರಿಗೆ ಮತ್ತಷ್ಟು ಜಾಗ ದೊರೆಯಿತು. ಟ್ರಾಮು ಆ ಕಾರುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ಟ್ರಾಮು ಹಳಿಯನ್ನು ಬಿಟ್ಟು ಬದಿಗೆ ಸರಿಯಲಾರದು. ಮುಂದೆ ಯಾರೋ ಒಬ್ಬರು ಅಂಗಡಿಯ ಎದುರಿಗೆ ಕಾರು ನಿಲ್ಲಿಸಿದರೆ ಅದರ ಹಿಂದಿನ ಮೂರು ಟ್ರಾಮುಗಳು ನಿಂತವೆಂದೇ ಲೆಕ್ಕ. ಅಲ್ಲದೆ, ಹಳಿಯಿರುವುದು ರಸ್ತೆಯ ನಡುವೆ, ಕಾಲುದಾರಿಯಿರುವುದು ಅಂಚಿನಲ್ಲಿ. ಮುದುಕರೂ ಮಕ್ಕಳನ್ನೆತ್ತಿಕೊಂಡ ತಾಯಂದಿರೂ ಓಡುವ ಮೋಟಾರುಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ಟ್ರಾಮು ಹತ್ತಬೇಕಾಯಿತು. ಹೀಗಾದ ಮೇಲೆ ಜನ ಅದನ್ನು ತೊರೆದರೆ ತಪ್ಪು ಯಾರದು? ಕೈಕಾಲು ಕಟ್ಟಿ ಹೊಳೆಗೆ ತಳ್ಳಿ, ಈಜು ಬಾರದವನೆಂದು ದೂರಿದಂತಾಯಿತು ಇದು.

ಕೋಲ್ಕತ್ತದ್ದು ಒಂಟಿ ಕಥೆಯೂ ಅಲ್ಲ. ಮದರಾಸಿನಲ್ಲಿ 1895ರಲ್ಲಿಯೇ ವಿದ್ಯುತ್ ಟ್ರಾಮು ಬಂದಿತ್ತು, 1953ರಲ್ಲಿ ನಿಂತಿತು. ಮುಂಬಯಿಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಕೊನೆಯ ಬಾರಿ ಓಡಿತು. ದೆಹಲಿಯಲ್ಲಿಯೂ ಅರುವತ್ತರ ದಶಕದಲ್ಲಿ ಅದು ಮರೆಯಾಯಿತು. ಯೂರೋಪು ಅಮೆರಿಕಗಳಲ್ಲಿಯೂ ಆ ಕಾಲದಲ್ಲಿ ನೂರಾರು ಊರುಗಳು ಹಳಿಗಳನ್ನು ಕಿತ್ತೊಗೆದವು. ಮೋಟಾರು ಕಾರೇ ಮುಂಬರುವ ಕಾಲದ ವಾಹನ, ಟ್ರಾಮು ಹಳೆಯ ಕಾಲದ ಕುರುಹು ಎಂಬ ನಂಬಿಕೆ ಅಂದಿನ ನಗರಾಡಳಿತಗಳಲ್ಲಿ ಎಲ್ಲೆಡೆ ಹಬ್ಬಿತ್ತು.

ಟ್ರಾಮಿನ ಗುಣಗಳನ್ನು ಅರಿಯಲು ಅದರ ಚಕ್ರದಿಂದಲೇ ಆರಂಭಿಸಬೇಕು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಉಂಟಾಗುವ ತಡೆ, ರಬ್ಬರಿನ ಚಕ್ರ ಡಾಂಬರಿನ ಮೇಲೆ ಉರುಳುವಾಗ ಉಂಟಾಗುವ ತಡೆಗಿಂತ ಎಷ್ಟೋ ಪಾಲು ಕಡಿಮೆ. ಆದ್ದರಿಂದ ಅಷ್ಟೇ ಭಾರವನ್ನು ಅಷ್ಟೇ ದೂರ ಸಾಗಿಸಲು ಹಳಿಯ ಮೇಲೆ ಕಡಿಮೆ ಶಕ್ತಿ ಸಾಕು. ಆ ಶಕ್ತಿಯೂ ಮೇಲಿನ ತಂತಿಯಿಂದ ಬರುತ್ತದೆ. ಗಾಡಿಯು ತನ್ನೊಡಲಲ್ಲಿ ಎಣ್ಣೆಯನ್ನಾಗಲಿ ಭಾರವಾದ ಬ್ಯಾಟರಿಯನ್ನಾಗಲಿ ಹೊತ್ತು ತಿರುಗಬೇಕಾಗಿಲ್ಲ. ಈ ಕಾಲದ ಟ್ರಾಮುಗಳಲ್ಲಿ ಬ್ರೇಕು ಹಾಕಿದಾಗ ಮೋಟಾರೇ ವಿದ್ಯುಜ್ಜನಕವಾಗಿ ಮಾರ್ಪಟ್ಟು, ಕರಗಿಹೋಗಬೇಕಾದ ಶಕ್ತಿಯ ಒಂದಂಶವನ್ನು ತಂತಿಗೇ ಹಿಂತಿರುಗಿಸುತ್ತದೆ. ಹೀಗೆ ಪುನರ್ಜನ್ಮ ಪಡೆದ ಟ್ರಾಮು ವ್ಯವಸ್ಥೆಯನ್ನೇ ಇಂದು ಲಘು ರೈಲು ಎಂದು ಕರೆಯುತ್ತಾರೆ. ಲಘು ಎಂದರೆ ತೂಕ ಕಡಿಮೆಯೆಂದಲ್ಲ. ಮೆಟ್ರೊ ರೈಲಿನಷ್ಟು ಜನರನ್ನು ಹೊರದು, ಬಸ್ಸಿಗಿಂತ ಹೆಚ್ಚು ಹೊರುತ್ತದೆ, ನೆಲದ ಮೇಲೆಯೇ ಬೀದಿಯ ಮಟ್ಟದಲ್ಲಿ ಓಡಬಲ್ಲುದು ಎಂದರ್ಥ.

ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದಾದ ಒಂದು ಲೆಕ್ಕವಿದೆ. ಇನ್ನೂರು ಜನರನ್ನು ಹೊತ್ತ ಲಘು ರೈಲೊಂದು ಮೂರು ನಿಮಿಷಕ್ಕೊಮ್ಮೆ ಹೊರಡುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ ಇಪ್ಪತ್ತು ಗಾಡಿ, ನಾಲ್ಕು ಸಾವಿರ ಜನ. ಇಷ್ಟೇ ಜನರು ಕಾರಿನಲ್ಲಿ ಹೋಗುವುದಾದರೆ? ಒಂದು ಕಾರಿಗೆ ಇಬ್ಬರಂತೆ ಕುಳಿತರೂ ಎರಡು ಸಾವಿರ ಕಾರು ಬೇಕು. ಒಬ್ಬರೇ ಹೋಗುವವರ ಸಂಖ್ಯೆ ದೊಡ್ಡದಾದ್ದರಿಂದ ನಿಜವಾಗಿ ಅದಕ್ಕಿಂತ ಹೆಚ್ಚೇ ಬೇಕಾದೀತು. ಕೂಡುರಸ್ತೆಯ ಕೆಂಪುದೀಪಗಳಲ್ಲಿ ನಿಂತು ನಿಂತು ಸಾಗಬೇಕಾದ ಒಂದು ಸಾಲಿನಲ್ಲಿ ಗಂಟೆಗೆ ಸಾವಿರ ಕಾರು ದಾಟುವುದೂ ಕಷ್ಟ. ಅಂದರೆ, ಹಳಿಯ ಮೇಲೆ ಒಂದು ಸಾಲಿನಲ್ಲಿ ಸಾಗುವ ಜನರಿಗೆ ಕಾರಿನಲ್ಲಿ ಎರಡು ಮೂರು ಸಾಲುಗಳ ಹರಹು ಬೇಕು. ಆ ಮೇಲೆ ಅಷ್ಟೂ ಕಾರುಗಳು ಹಗಲಿಡೀ ಎಲ್ಲಿಯಾದರೂ ನಿಲ್ಲಬೇಕು. ಟ್ರಾಮಾದರೋ ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿಕೊಂಡು ಮುಂದಕ್ಕೆ ಹೋಗುತ್ತದೆ. ರಸ್ತೆ ಶೇಕಡ 6ರಷ್ಟೇ ಇರುವ ನಗರಕ್ಕೆ ಈ ಲೆಕ್ಕ ಬೇರೆಲ್ಲ ನಗರಗಳಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ಕೋಲ್ಕತ್ತದಲ್ಲಿ ಅದೇ ಸಂಖ್ಯೆಯನ್ನು ಟ್ರಾಮಿನ ವಿರುದ್ಧ ಎತ್ತಿದ್ದು ವಿಚಿತ್ರವೇ ಸರಿ.

ಈ ಲೆಕ್ಕವನ್ನು ಬೀದಿಯಲ್ಲಿ ಮಾಡಿ ತೋರಿಸಿದ ಊರೊಂದು ಫ್ರಾನ್ಸ್ ದೇಶದಲ್ಲಿದೆ. ಜರ್ಮನಿಯ ಗಡಿಯಲ್ಲಿ, ರೈನ್ ನದಿಯ ಸಮೀಪದಲ್ಲಿರುವ ಸ್ಟ್ರಾಸ್‌ಬೂರ್ಗ್ ಸುಮಾರು ಮೂರು ಲಕ್ಷ ಜನರ ಪುರಾತನ ನಗರ. ಅಲ್ಲಿಯೂ 1878ರಿಂದ ಟ್ರಾಮು ಇತ್ತು. 1960ರಲ್ಲಿ ಅದನ್ನು ಕಿತ್ತುಹಾಕಿದರು. ಬಳಿಕ ಮೂವತ್ತು ವರ್ಷಗಳಲ್ಲಿ ಕಾರುಗಳು ಊರಿನ ಹೃದಯಭಾಗವನ್ನೇ ಆಕ್ರಮಿಸಿದವು. ನಡುವೂರಿನ ದೊಡ್ಡ ಚೌಕವಾದ ಪ್ಲಾಸ್ ಕ್ಲೆಬೇರಿನ ಮೂಲಕ ದಿನವೂ ಸಾವಿರಾರು ಮೋಟಾರುಗಳು ಹಾದುಹೋಗುತ್ತಿದ್ದವು. ಹೊಗೆ, ಸದ್ದು, ಇಕ್ಕಟ್ಟು ಮೇರೆಮೀರಿದಾಗ ಪರಿಹಾರವೇನೆಂಬ ಚರ್ಚೆ ಎದ್ದಿತು. ಒಂದು ಪಕ್ಷದವರು ಚಾಲಕನಿಲ್ಲದೆ ತಾನೇ ಓಡುವ ಸುರಂಗ ರೈಲು ಬೇಕೆಂದರು. ಇನ್ನೊಂದು ಪಕ್ಷದವರು ಬೀದಿಯ ಮೇಲೆ ಟ್ರಾಮು ಬೇಕೆಂದರು. 1989ರ ನಗರಸಭೆಯ ಚುನಾವಣೆಯಲ್ಲಿ ಇದೇ ಮುಖ್ಯ ವಿವಾದವಾಯಿತು. ವರ್ತಕರಲ್ಲಿ ಬಹುಮಂದಿ ಸುರಂಗದ ಪಕ್ಷ. ಏಕೆಂದರೆ ರೈಲು ನೆಲದಡಿಗೆ ಹೋದರೆ ನೆಲದ ಮೇಲಿನ ರಸ್ತೆ ಎಂದಿನಂತೆ ಕಾರುಗಳಿಗೆ ಉಳಿಯುತ್ತದೆ, ಗಿರಾಕಿಗಳು ಅಂಗಡಿಯ ಬಾಗಿಲಿಗೇ ಕಾರಿನಲ್ಲಿ ಬರಬಹುದು ಎಂಬುದು ಅವರ ಎಣಿಕೆ.

ಚುನಾವಣೆಯಲ್ಲಿ ಟ್ರಾಮಿನ ಪಕ್ಷ ಗೆದ್ದು, ಕ್ಯಾತರೀನ್ ತ್ರೋತ್ಮಾನ್ ಎಂಬವರು ಆ ನಗರದ ಮೊದಲ ಮಹಿಳಾ ಮೇಯರಾದರು. ಅವರು ಕೈಗೊಂಡ ಕೆಲಸದ ಕ್ರಮ ಗಮನಾರ್ಹವಾದುದು. ಮೊದಲು ರಸ್ತೆಯನ್ನು ಬಿಡಿಸಿಕೊಂಡರು, ಆಮೇಲೆ ಗಾಡಿಯನ್ನು ತಂದರು. 1992ರಲ್ಲಿ ಪ್ಲಾಸ್ ಕ್ಲೆಬೇರಿನ ಮೂಲಕ ಕಾರುಗಳು ಹಾಯುವುದನ್ನೇ ನಿಲ್ಲಿಸಲಾಯಿತು. ಊರಿನ ನಡುವೆ ನಡೆಯುವವರಿಗೂ ಸೈಕಲ್ಲಿಗೂ ವಿಶಾಲವಾದ ಜಾಗ ಮಾಡಿ, ಟ್ರಾಮಿಗೆ ಪ್ರತ್ಯೇಕ ಪಥ ಕಲ್ಪಿಸಿ, 1994ರ ನವೆಂಬರ್ 25ರಂದು ಮೊದಲ ಮಾರ್ಗವನ್ನು ತೆರೆದರು. ಗಾಡಿಯ ಕಿಟಕಿಗಳು ವಿಸ್ತಾರವಾದವು. ಒಳನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಸಮ; ಆದ್ದರಿಂದ ಗಾಲಿಕುರ್ಚಿಯಲ್ಲಿ ಕುಳಿತವರೂ ಯಾರ ಕೈ ಹಿಡಿಯದೆ ಒಳಗೆ ಹೋಗಬಹುದಾಯಿತು. ಊರ ಹೊರಗೆ ಕಾರು ನಿಲ್ಲಿಸಿ ಬರುವವರಿಗೆ ನಿಲುಗಡೆಯ ಚೀಟಿಯೇ ಆ ಕಾರಿನಲ್ಲಿ ಬಂದವರೆಲ್ಲರ ಟ್ರಾಮು ಟಿಕೆಟ್ಟೂ ಆಗುವ ಏರ್ಪಾಡಾಯಿತು.

ಹಳಿ ಹಾಸುವ ಕಾಲದಲ್ಲಿ ಅಲ್ಲಿಯೂ ಗೊಣಗಾಟ ಕಡಿಮೆಯಿರಲಿಲ್ಲ. ಅಗೆದ ರಸ್ತೆ, ಧೂಳು, ವ್ಯಾಪಾರದ ನಷ್ಟ, ಬೇಸತ್ತ ಜನ: ಇವು ಯಾವ ದೇಶದಲ್ಲಿಯೂ ತಪ್ಪಿದ್ದಲ್ಲ. ಆದರೆ ಗಾಡಿ ಓಡತೊಡಗಿದ ಮೇಲೆ ಅಭಿಪ್ರಾಯ ಬದಲಾಯಿತು. 1995ರ ಚುನಾವಣೆಯಲ್ಲಿ ಅದೇ ಮೇಯರನ್ನು ಜನ ಮೊದಲ ಸುತ್ತಿನಲ್ಲಿಯೇ ಮತ್ತೆ ಆರಿಸಿದರು. ಮುಂದೆ ಮಾರ್ಗಗಳು ಒಂದೊಂದಾಗಿ ಬೆಳೆದು, 2017ರಲ್ಲಿ ಟ್ರಾಮು ರೈನ್ ನದಿಯನ್ನು ದಾಟಿ ಆಚೆಯ ದಡದ ಜರ್ಮನ್ ಊರಾದ ಕೇಲ್‌ಗೆ ಹೋಯಿತು. ಒಂದು ಕಾಲದಲ್ಲಿ ಪಿರಂಗಿಗಳು ಪರಸ್ಪರ ಮುಖಮಾಡಿ ನಿಂತಿದ್ದ ದಡಗಳ ನಡುವೆ ಈಗ ಸಂತೆಯ ಚೀಲ ಹಿಡಿದವರು ಟ್ರಾಮಿನಲ್ಲಿ ಓಡಾಡುತ್ತಾರೆ. ಫ್ರಾನ್ಸಿನಲ್ಲಿ ಟ್ರಾಮನ್ನು ಮರಳಿ ತಂದ ಮೊದಲ ಊರು ಸ್ಟ್ರಾಸ್‌ಬೂರ್ಗ್ ಅಲ್ಲ. ನಾಂತ್ 1985ರಲ್ಲಿ, ಗ್ರೆನೋಬ್ಲ್ 1987ರಲ್ಲಿ ಆ ಕೆಲಸ ಮಾಡಿದ್ದವು. ಸ್ಟ್ರಾಸ್‌ಬೂರ್ಗಿನ ವಿಶೇಷವೆಂದರೆ ರಸ್ತೆ ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನು ಮರೆಮಾಚದೆ ಮತದಾರರ ಮುಂದಿಟ್ಟದ್ದು.

ಭಾರತದಲ್ಲಿ ಈ ಪ್ರಶ್ನೆಯನ್ನು ಕಾಗದದ ಮೇಲೆ ಎಂದೋ ಉತ್ತರಿಸಲಾಗಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳನ್ನಲ್ಲ, ಜನರನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ವಿಧಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ಚಿಕ್ಕ ನಗರಗಳಿಗೆ ಹೊಂದುವ, ಮೆಟ್ರೊಗಿಂತ ಕಡಿಮೆ ವೆಚ್ಚದ ಲಘು ರೈಲಿಗೆ ಮೆಟ್ರೊಲೈಟ್ ಎಂಬ ಹೆಸರಿಟ್ಟು ಮಾನದಂಡಗಳನ್ನೂ ಗೊತ್ತುಪಡಿಸಿತು. ಆದರೆ ಕಾಗದದಿಂದ ಬೀದಿಗೆ ಇಳಿಯುವಾಗ ನೀತಿಯ ಧೈರ್ಯ ಉಡುಗುತ್ತದೆ. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಆರು ಕಿಲೋಮೀಟರಿಗೂ ಕಡಿಮೆ ದೂರ ಬಸ್ಸುಗಳಿಗೆಂದೇ ಪಥವನ್ನು ಮೀಸಲಿಟ್ಟರು. ಅದರಲ್ಲಿ ದೋಷಗಳಿಲ್ಲದೆ ಇರಲಿಲ್ಲ. ಆದರೆ ಅದಕ್ಕೆ ಮುಳುವಾದದ್ದು ಮುಖ್ಯವಾಗಿ ಬದಿಯ ಸಾಲಿನಲ್ಲಿ ಕಾರಿನೊಳಗೆ ಕಾಯಬೇಕಾದವರ ಸಿಟ್ಟು. 2016ರಲ್ಲಿ ಅದನ್ನು ಒಡೆದುಹಾಕಿದರು. ಬಸ್ಸಿನಲ್ಲಿ ಬೇಗ ಊರು ಮುಟ್ಟುತ್ತಿದ್ದವರ ದನಿ ಅಷ್ಟಾಗಿ ಕೇಳಿಸಲಿಲ್ಲ.

ಲಘು ರೈಲನ್ನು ಒಪ್ಪದವರ ವಾದಗಳಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವಾಗ ವಿದ್ಯುತ್ ಗಾಡಿ ಶುಚಿಯೆಂದು ಹೇಳುವುದೆಂತು ಎಂಬುದು ಒಂದು ವಾದ. ಹೊಗೆ ಆಗ ಶಾಲೆಯ ಮುಂದಿನ ಬೀದಿಯಲ್ಲಿ ಏಳುವುದಿಲ್ಲ ಎಂಬುದಂತೂ ನಿಜ. ಜೊತೆಗೆ, ತಂತಿಯ ಆಚೆ ತುದಿಯ ಸ್ಥಾವರವನ್ನು ಬದಲಿಸಿದರೆ ಈಚೆ ತುದಿಯ ಗಾಡಿಯನ್ನು ಬದಲಿಸಬೇಕಾಗಿಲ್ಲ. ಮಧ್ಯಪ್ರದೇಶದ ರೀವಾ ಎಂಬಲ್ಲಿ ಬಿಸಿಲಿನಿಂದ ತಯಾರಾದ ವಿದ್ಯುತ್ತು 2019ರಿಂದ ದೂರದ ದೆಹಲಿಯ ಮೆಟ್ರೊ ರೈಲನ್ನು ಓಡಿಸಲು ಬಳಕೆಯಾಗತೊಡಗಿದ್ದು ಇದಕ್ಕೆ ಸಾಕ್ಷಿ. ಹಳಿ ಹಾಸಲು ತಗಲುವ ಹಣದಲ್ಲಿ ಎಷ್ಟೋ ವಿದ್ಯುತ್ ಬಸ್ಸುಗಳನ್ನು ಕೊಳ್ಳಬಹುದು ಎಂಬುದು ಎರಡನೆಯ ವಾದ. ಇದು ಹೆಚ್ಚು ತೂಕವುಳ್ಳದ್ದು. ಜನಸಂಚಾರ ವಿರಳವಾದ ಮಾರ್ಗಗಳಲ್ಲಿ ಬಸ್ಸೇ ಲೇಸು. ಅಲ್ಲಿ ಹಳಿ ಹಾಸುವುದು ಹಣದ ಪೋಲು. ಬಸ್ಸಿನ ಮೇಲೆ ಬಸ್ಸು ಬಿಟ್ಟರೂ ಸಾಲದೆ ಜನ ಬಾಗಿಲಲ್ಲಿ ಜೋತಾಡುವ ಹೆದ್ದಾರಿಗಳಿಗೆ ಮಾತ್ರ ಲಘು ರೈಲು ತಕ್ಕುದು.

ಕರ್ನಾಟಕದಲ್ಲಿ ಬೆಂಗಳೂರು 2011ರ ಅಕ್ಟೋಬರ್ 20ರಂದು ಮೆಟ್ರೊವನ್ನು ಪಡೆಯಿತು. ಕೋಟಿ ದಾಟಿದ ಜನರ ನಗರಕ್ಕೆ ಅದು ಅವಶ್ಯವೇ. ಆದರೆ ಮೆಟ್ರೊ ಕಂಬಗಳ ಮೇಲೋ ನೆಲದ ಒಳಗೋ ಓಡುವುದರಿಂದ ಕೆಳಗಿನ ಬೀದಿಯ ಹಂಚಿಕೆಯ ಪ್ರಶ್ನೆ ಬಗೆಹರಿಯದೆ ಉಳಿಯುತ್ತದೆ. ಮೆಟ್ರೊ ಇಳಿದವನು ಮನೆ ಸೇರಲು ಮತ್ತೆ ಅದೇ ಕಿಕ್ಕಿರಿದ ಬೀದಿಗೇ ಬರಬೇಕು. ಮೈಸೂರು, ಹುಬ್ಬಳ್ಳಿ-ಧಾರವಾಡಗಳಂತಹ ನಗರಗಳ ಸ್ಥಿತಿ ಬೇರೆ. 2011ರ ಜನಗಣತಿಯಲ್ಲಿ ಇವೆರಡರ ಜನಸಂಖ್ಯೆಯೂ ಹತ್ತು ಲಕ್ಷಕ್ಕೆ ಒಳಗಿತ್ತು. ಇವು ಮೆಟ್ರೊವಿನ ಭಾರವನ್ನು ತಾಳಲಾರವು. ಸ್ಟ್ರಾಸ್‌ಬೂರ್ಗಿನಂತಹ ಊರುಗಳಿಂದ ಇವು ಕಲಿಯಬಹುದಾದದ್ದು ಬಹಳವಿದೆ.

ಈ ಪಾಠವನ್ನು ಹುಬ್ಬಳ್ಳಿ-ಧಾರವಾಡ ಅರ್ಧ ಕಲಿತಾಗಿದೆ. ಅವಳಿ ನಗರಗಳ ನಡುವೆ ಸುಮಾರು 22 ಕಿಲೋಮೀಟರು ದೂರ ಬಸ್ಸುಗಳಿಗೆಂದೇ ಮೀಸಲಾದ ಪಥದಲ್ಲಿ 2018ರಲ್ಲಿ ಸಂಚಾರ ಆರಂಭವಾಯಿತು. ಈ ಬಸ್ಸುಗಳಿಗೆ ಚಿಗರಿ ಎಂದು ಹೆಸರು. ಆ ಸೀಮೆಯ ಮಾತಿನಲ್ಲಿ ಚಿಗರಿಯೆಂದರೆ ಜಿಂಕೆ. ಊರಿನವರೇ ಇಟ್ಟಂತೆ ಕೇಳಿಸುವ ಹೆಸರು ಸಾರಿಗೆಯ ಕಡತಗಳಲ್ಲಿ ಹುಟ್ಟುವುದು ಅಪರೂಪ. ಎತ್ತರಿಸಿದ ಕಟ್ಟೆಯಿಂದ ಮೆಟ್ಟಿಲಿಲ್ಲದೆ ಒಳಗೆ ಕಾಲಿಡಬಹುದು. ಬದಿಯ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗಲೂ ಚಿಗರಿಗೆ ಅದರ ದಾರಿ ತೆರವಾಗಿರುತ್ತದೆ. ಕಾಲೇಜಿಗೂ ಕಚೇರಿಗೂ ಆಸ್ಪತ್ರೆಗೂ ದಿನವೂ ಊರಿಂದೂರಿಗೆ ಹೋಗಿಬರುವವರಿಗೆ ಆ ದಾರಿಯಿಂದಾದ ಉಪಕಾರವನ್ನು ವಿವರಿಸಬೇಕಾಗಿಲ್ಲ. ಆದರೆ ಕೋಲ್ಕತ್ತದಲ್ಲಿ ಕೇಳಿದ ಮಾತೇ ಇಲ್ಲಿಯೂ ಕೇಳಿಬಂದಿದೆ. ಮೀಸಲು ಪಥ ಬಹುಹೊತ್ತು ಬರಿದಾಗಿ ಬಿದ್ದಿರುತ್ತದೆ, ಅದನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಬೇಕು ಎಂಬ ಒತ್ತಾಯ ಅದು. ಪಥ ಬರಿದಾಗಿ ಕಾಣುವುದು ಅದರಲ್ಲಿ ಬಸ್ಸು ನಿಲ್ಲದೆ ಸಾಗುವುದರಿಂದ. ಅಲ್ಲಿ ಒಂದು ಬಸ್ಸು ಹಾದುಹೋದ ಕ್ಷಣದಲ್ಲಿ ದಾಟಿದ ಜನರನ್ನೂ, ಪಕ್ಕದ ತುಂಬಿದ ರಸ್ತೆಯಲ್ಲಿ ಅದೇ ಕ್ಷಣದಲ್ಲಿ ದಾಟಿದ ಜನರನ್ನೂ ಎಣಿಸಿದವರು ಈ ಒತ್ತಾಯವನ್ನು ಮುಂದಿಡಲಾರರು. ಆ ಪಥವನ್ನು ಇಂದು ಬಿಟ್ಟುಕೊಟ್ಟರೆ, ಮುಂದೊಂದು ದಿನ ಬಸ್ಸು ಸಾಲದೆ ಹಳಿ ಬೇಕಾದಾಗ ಅದನ್ನು ಹಾಸಲು ನೆಲವೇ ಇರುವುದಿಲ್ಲ.

ಮೈಸೂರಿಗೆ ಇನ್ನೂ ಒಂದು ಅನುಕೂಲವಿದೆ. ಅದರ ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಹೊಲಗಳ ನಡುವೆ ಅಗಲವಾದ ರಸ್ತೆಗಳಿಗೆ ಗೂಟ ಹೊಡೆಯಲಾಗುತ್ತಿದೆ. ಈಗ ನಕ್ಷೆಯಲ್ಲಿ ಎರಡು ಗೆರೆ ಎಳೆದು, ರಸ್ತೆಯ ನಡುವೆ ಏಳೆಂಟು ಮೀಟರಿನ ಪಟ್ಟಿಯನ್ನು ಸಾರ್ವಜನಿಕ ಸಾರಿಗೆಗೆಂದು ಕಾದಿರಿಸಲು ಹೆಚ್ಚಿನ ಖರ್ಚಿಲ್ಲ. ಹತ್ತು ವರ್ಷ ಅದರಲ್ಲಿ ಬಸ್ಸು ಓಡಲಿ, ಇಕ್ಕೆಲದಲ್ಲಿ ಹೊಂಗೆಯ ಮರಗಳು ಬೆಳೆಯಲಿ. ಮನೆ ಅಂಗಡಿಗಳು ಎದ್ದುನಿಂತ ಮೇಲೆ ಅದೇ ಪಟ್ಟಿಯನ್ನು ಪಡೆಯಬೇಕೆಂದರೆ ಭೂಸ್ವಾಧೀನ, ಪರಿಹಾರದ ಹಣ, ಮೊಕದ್ದಮೆ ಎಂದು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ನಗರಾಭಿವೃದ್ಧಿಯ ನಕ್ಷೆಗಳನ್ನು ಅಂತಿಮಗೊಳಿಸುವ ಮೊದಲು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸುವ ಪದ್ಧತಿ ಇದೆ. ತಮ್ಮ ನಿವೇಶನದ ಅಳತೆ ಸರಿಯಾಗಿದೆಯೇ ಎಂದು ನೋಡಲು ಆಗ ಅನೇಕರು ಕಚೇರಿಗೆ ಹೋಗುತ್ತಾರೆ. ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸಿಗೂ ಹಳಿಗೂ ಪಾಲಿದೆಯೇ ಎಂಬುದನ್ನೂ ಅದೇ ಹಾಳೆಯ ಮೇಲೆ ಬೆರಳಿಟ್ಟು ಕೇಳಬಹುದು.